ಆವಿಷ್ಕಾರದ ಗಳಿಗೆ: ವಿಜ್ಞಾನೇತಿಹಾಸದ ಮೂರು ಗ್ರಂಥಗಳ ವಿಮರ್ಶೆ

೧

ವಿಜ್ಞಾನದ ಚರಿತ್ರೆಯನ್ನು ಪ್ರತ್ಯೇಕ ವಿಷಯವಾಗಿ ಬೋಧಿಸುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ವಿರಳ. ಆದರೂ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಅಷ್ಟಿಷ್ಟು ಚರಿತ್ರೆ ಇದ್ದೇ ಇರುತ್ತದೆ. ಅದು ಬಹುಮಟ್ಟಿಗೆ ಕಥೆಯ ರೂಪದಲ್ಲಿರುತ್ತದೆ. ಪಾವ್ಲೋವನು ಗಂಟೆ ಬಾರಿಸಿದೊಡನೆ ನಾಯಿಯ ಬಾಯಲ್ಲಿ ನೀರೂರಿತು. ಮೆಚ್ನಿಕೋವನು ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿದ ಮರುದಿನ ಬೆಳಗ್ಗೆ ರೋಗನಿರೋಧಶಾಸ್ತ್ರ ಹುಟ್ಟಿತು. ಹಳೆಯ ಭೌತವಿಜ್ಞಾನವು ದಿಕ್ಕುಗೆಟ್ಟು ನಿಂತಿದ್ದಾಗ ಪ್ಲಾಂಕನು ಶಕ್ತಿಯು ಬಿಡಿಬಿಡಿಯಾದ ಶಕಲಗಳಲ್ಲಿ ಮಾತ್ರವೇ ಬರುತ್ತದೆಂದು ಸಾರಿ ಅದನ್ನು ಉದ್ಧರಿಸಿದನು. ಈ ಮೂರು ಕಥೆಗಳಲ್ಲಿಯೂ ಒಬ್ಬ ವ್ಯಕ್ತಿ, ಒಂದು ಗಳಿಗೆ, ಒಂದು ಬೆಳಕು. ಕೇಳುವುದಕ್ಕೆ ಇಂಪಾಗಿವೆ, ನೆನಪಿನಲ್ಲಿ ನಿಲ್ಲುತ್ತವೆ, ಪರೀಕ್ಷೆಯಲ್ಲಿ ಬರೆಯುವುದಕ್ಕೂ ಒದಗುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಿಜ್ಞಾನಸಂಘದಲ್ಲಿ ಮಾತನಾಡಬೇಕಾದ ಸಂದರ್ಭ ಒದಗಿದಾಗ ಪ್ರಕೃತ ಲೇಖಕನೂ ಮುಳ್ಳಿನ ಕಥೆಯನ್ನು ರಸವತ್ತಾಗಿಯೇ ಹೇಳಿದನು. ಭಾಷಣ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಇದನ್ನು ಬರೆದಿಟ್ಟವರು ಯಾರು, ಯಾವಾಗ ಬರೆದರು?” ಎಂದು ಕೇಳಿದಳು. ಶಾಸನಗಳನ್ನು ಕುರಿತು ತನ್ನ ತರಗತಿಯಲ್ಲಿ ದಿನವೂ ಕೇಳುವ ಪ್ರಶ್ನೆಯನ್ನು ವಿಜ್ಞಾನದ ಕಥೆಗೆ ಕೇಳಿಕೊಳ್ಳಬೇಕೆಂಬುದು ಚರಿತ್ರೆಯ ಅಧ್ಯಾಪಕನಿಗೆ ಅಂದಿನವರೆಗೆ ಹೊಳೆದಿರಲಿಲ್ಲ. ಉತ್ತರ ತಿಳಿಯದೆ ಕುಳಿತುಕೊಳ್ಳಬೇಕಾಯಿತು. ಆ ಪ್ರಶ್ನೆಯ ಬೆನ್ನು ಹಿಡಿದು ಓದಿದ ಗ್ರಂಥಗಳಲ್ಲಿ ಮೂರನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದೆ. ಆಲ್ಫ್ರೆಡ್ ಟೌಬರ್ ಮತ್ತು ಲಿಯಾನ್ ಚೆರ್ನ್ಯಾಕ್ ಅವರು ೧೯೯೧ರಲ್ಲಿ ಪ್ರಕಟಿಸಿದ ‘ಮೆಚ್ನಿಕೋವ್ ಮತ್ತು ರೋಗನಿರೋಧಶಾಸ್ತ್ರದ ಮೂಲಗಳು’ ಎಂಬುದು ಮೊದಲನೆಯದು. ತಾಮಸ್ ಕೂನ್ ಅವರು ೧೯೭೮ರಲ್ಲಿ ಪ್ರಕಟಿಸಿದ ‘ಕೃಷ್ಣಕಾಯ ಸಿದ್ಧಾಂತ ಮತ್ತು ಶಕಲ ವಿಚ್ಛಿನ್ನತೆ, ೧೮೯೪–೧೯೧೨’ ಎಂಬುದು ಎರಡನೆಯದು. ಡೇನಿಯಲ್ ಟೋಡೆಸ್ ಅವರ ‘ಪಾವ್ಲೋವನ ಶರೀರಕ್ರಿಯಾಶಾಸ್ತ್ರದ ಕಾರ್ಖಾನೆ’, ೨೦೦೨ರದು, ಮೂರನೆಯದು. ಮೂರೂ ಇಂಗ್ಲಿಷಿನಲ್ಲಿವೆ, ಹೆಸರುಗಳನ್ನು ಇಲ್ಲಿ ಕನ್ನಡಿಸಿ ಕೊಟ್ಟಿದೆ.

ಪ್ರಾಣಿಯ ಆಹಾರಸೇವನೆ, ವಿಕಿರಣದ ಶಕ್ತಿ, ದೇಹದ ರೋಗನಿರೋಧ ಇವು ಒಂದಕ್ಕೊಂದು ದೂರವಾದ ಶಾಸ್ತ್ರಗಳು. ಇವನ್ನು ಒಂದೆಡೆಗೆ ತರುವುದು ವಿಚಿತ್ರವಾಗಿ ತೋರಬಹುದು. ಆದರೆ ಮೂರು ಸಂಶೋಧನೆಗಳೂ ೧೮೮೨ ಮತ್ತು ೧೯೦೮ರ ನಡುವಣ ಕಾಲು ಶತಮಾನದಲ್ಲಿ ನಡೆದುವು. ಮೂರಕ್ಕೂ ಮೂಲಪುರುಷನೊಬ್ಬನ ಕಥೆ ಅಂಟಿಕೊಂಡಿತು. ಮೂರನ್ನೂ ಇತ್ತೀಚಿನ ಚರಿತ್ರಕಾರರು ಮೂಲಸಾಮಗ್ರಿಯಿಂದ ಮತ್ತೆ ಪರೀಕ್ಷಿಸಿದ್ದಾರೆ. ಆದುದರಿಂದ ವಿಷಯ ಬೇರೆಯಾದರೂ ಒರೆಗಲ್ಲು ಒಂದೇ.

ಕರ್ಣಾಟಕದ ಚರಿತ್ರೆಯನ್ನು ಓದಿದವರಿಗೆ ಈ ಒರೆಗಲ್ಲು ಹೊಸದಲ್ಲ. ಗುರುವಿನ ಅಪ್ಪಣೆಯಂತೆ ಸಳನು ಹುಲಿಯನ್ನು ಹೊಡೆದ ಕಥೆ ನಮಗೆಲ್ಲರಿಗೂ ತಿಳಿದಿದೆ. ಹೊಯ್ಸಳರ ದೇವಾಲಯಗಳಲ್ಲಿ ಅದರ ಶಿಲ್ಪವೂ ಇದೆ. ಆದರೆ ಆ ಕಥೆಯನ್ನು ವಿಸ್ತಾರವಾಗಿ ಹೇಳುವುದು ವಿಷ್ಣುವರ್ಧನನ ೧೧೧೭ರ ಬೇಲೂರು ಶಾಸನ. ಸಳನ ಕಾಲದ ದಾಖಲೆಯಲ್ಲ. ತಲಕಾಡಿನಲ್ಲಿ ಚೋಳರನ್ನು ಸೋಲಿಸಿ ಮೇಲೆದ್ದ ರಾಜ್ಯವೊಂದು ತನ್ನ ಹುಟ್ಟನ್ನು ಹೇಗೆ ಹೇಳಿಕೊಂಡಿತೆಂಬುದಕ್ಕೆ ಆ ಶಾಸನ ಗಟ್ಟಿಯಾದ ಸಾಕ್ಷಿ. ಸಳನ ಕಾಲದಲ್ಲಿ ನಡೆದುದಕ್ಕೆ ಅದು ದುರ್ಬಲ ಸಾಕ್ಷಿ. ವಿಜ್ಞಾನದ ವಂಶಕಥೆಗಳಿಗೂ ಈ ವಿವೇಕವನ್ನು ಅನ್ವಯಿಸಬೇಕೆಂಬುದೇ ಈ ಲೇಖನದ ಹುರುಳು.

೨

ಮೊದಲು ಮುಳ್ಳಿನ ಕಥೆ. ಎಲೀ ಮೆಚ್ನಿಕೋವನು ರಷ್ಯದ ಒಡೆಸ್ಸಾ ನಗರದ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ೧೮೮೧ರಲ್ಲಿ ಎರಡನೆಯ ಅಲೆಕ್ಸಾಂಡರ್ ಚಕ್ರವರ್ತಿಯ ಕೊಲೆಯಾದ ಬಳಿಕ ವಿಶ್ವವಿದ್ಯಾನಿಲಯಗಳಲ್ಲಿ ಎದ್ದ ಕಲಹದಿಂದ ಬೇಸತ್ತು ೧೮೮೨ರಲ್ಲಿ ಕೆಲಸ ಬಿಟ್ಟು, ಸಂಸಾರಸಮೇತನಾಗಿ ಸಿಸಿಲಿ ದ್ವೀಪದ ಮೆಸ್ಸೀನಾಕ್ಕೆ ಹೋದನು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನಲ್ಲಿ ಕೋತಿಗಳ ಆಟ ನೋಡಲು ಹೋಗಿದ್ದರು. ಅವನೊಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕುಳಿತು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯಲ್ಲಿ ಚಲಿಸುವ ಜೀವಕೋಶಗಳನ್ನು ನೋಡುತ್ತಿದ್ದನು. ದೇಹದೊಳಗೆ ನುಗ್ಗಿದ ಶತ್ರುವನ್ನು ಈ ಕೋಶಗಳೇ ಎದುರಿಸುತ್ತಿರಬೇಕೆಂಬ ಭಾವನೆ ಥಟ್ಟನೆ ಹೊಳೆಯಿತು. ತೋಟದಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಚರ್ಮದ ಕೆಳಗೆ ಚುಚ್ಚಿದನು. ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಕೋಶಗಳು ಮುಳ್ಳನ್ನು ಸುತ್ತಿಕೊಂಡಿದ್ದುವು. ಅಲ್ಲಿಯವರೆಗೆ ಪ್ರಾಣಿಶಾಸ್ತ್ರಜ್ಞನಾಗಿದ್ದವನು ಒಮ್ಮೆಗೇ ರೋಗಶಾಸ್ತ್ರಜ್ಞನಾದೆನೆಂದು ಅವನೇ ಹೇಳಿಕೊಂಡಿದ್ದಾನೆ.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದನ್ನು ಬರೆದವನು ಮೆಚ್ನಿಕೋವನೇ. ಬರೆದದ್ದು ೧೯೦೮ರಲ್ಲಿ, ಭೂಕಂಪವೊಂದು ಮೆಸ್ಸೀನಾ ನಗರವನ್ನು ನೆಲಸಮ ಮಾಡಿದ ಸಂದರ್ಭದಲ್ಲಿ. ಅಂದರೆ ಪ್ರಯೋಗಕ್ಕೂ ವೃತ್ತಾಂತಕ್ಕೂ ನಡುವೆ ಇಪ್ಪತ್ತಾರು ವರ್ಷಗಳ ಅಂತರ. ಆ ಇಪ್ಪತ್ತಾರು ವರ್ಷಗಳು ಶಾಂತವಾದುವಾಗಿರಲಿಲ್ಲ. ೧೮೯೦ರಲ್ಲಿ ಬೇರಿಂಗ್ ಮತ್ತು ಕಿಟಾಸಾಟೋ ಎಂಬವರು ರಕ್ತದ ದ್ರವಭಾಗದಲ್ಲಿಯೇ ವಿಷವನ್ನು ಅಡಗಿಸುವ ಗುಣವಿದೆಯೆಂದು ತೋರಿಸಿದರು. ರೋಗವನ್ನು ತಡೆಯುವುದು ಕೋಶವೋ, ರಕ್ತದ್ರವವೋ ಎಂಬ ವಾದ ಪ್ಯಾರಿಸ್ಸಿಗೂ ಬರ್ಲಿನ್ನಿಗೂ ನಡುವಣ ಕದನವಾಗಿ ಬೆಳೆಯಿತು. ೧೯೦೮ರ ನೊಬೆಲ್ ಪಾರಿತೋಷಕವನ್ನು ಮೆಚ್ನಿಕೋವನಿಗೂ ಅವನ ಎದುರುಪಕ್ಷದ ಪಾಲ್ ಎರ್ಲಿಕ್‌ನಿಗೂ ಹಂಚಿಕೊಟ್ಟರು. ಅದೇ ವರ್ಷ ಬರೆದ ನೆನಪಿನಲ್ಲಿ ಕೋಶಸಿದ್ಧಾಂತದ ಹುಟ್ಟು ಅಷ್ಟು ಶುಭ್ರವಾಗಿ, ಅಷ್ಟು ಏಕಾಏಕಿಯಾಗಿ ಕಾಣುವುದು ಆಶ್ಚರ್ಯವಲ್ಲ. ಮೆಚ್ನಿಕೋವನು ಸುಳ್ಳು ಹೇಳಿದನೆಂದು ಇದರ ಅರ್ಥವಲ್ಲ. ನೆನಪು ಆರಿಸುತ್ತದೆ, ಆರಿಸುವಾಗ ಇಂದಿನ ಅಗತ್ಯಕ್ಕೆ ಕಿವಿಗೊಡುತ್ತದೆ.

ಟೌಬರ್ ಮತ್ತು ಚೆರ್ನ್ಯಾಕ್ ಅವರ ಸಾಧನೆಯೇನೆಂದರೆ, ಆ ರಾತ್ರಿಯ ಹಿಂದಿನ ಇಪ್ಪತ್ತು ವರ್ಷಗಳನ್ನು ಅವರು ಬೆಳಕಿಗೆ ತಂದಿದ್ದಾರೆ. ಮೆಚ್ನಿಕೋವನು ೧೮೬೫ರಲ್ಲಿಯೇ ಚಪ್ಪಟೆ ಹುಳುವೊಂದರಲ್ಲಿ ಆಹಾರವು ಜೀವಕೋಶದ ಒಳಗೇ ಜೀರ್ಣವಾಗುವುದನ್ನು ಕಂಡಿದ್ದನು. ಬಹುಕೋಶಪ್ರಾಣಿಯ ಆದಿರೂಪ ಯಾವುದೆಂಬ ವಿಷಯದಲ್ಲಿ ಹೆಕೆಲ್ಲನೊಡನೆ ಅವನಿಗೆ ದೀರ್ಘ ವಾದವಿತ್ತು. ಹೊಟ್ಟೆಯಂಥ ಒಂದು ಗುಳಿಯೇ ಮೊದಲು ಉಂಟಾಯಿತೆಂದು ಹೆಕೆಲ್ ಹೇಳಿದರೆ, ಹೊಟ್ಟೆಯಿಲ್ಲದೆ ಒಳಗಿನ ಕೋಶಗಳೇ ಆಹಾರವನ್ನು ನುಂಗುತ್ತಿದ್ದ ಗಟ್ಟಿ ಮುದ್ದೆಯೇ ಮೊದಲಿನದೆಂದು ಮೆಚ್ನಿಕೋವನು ಹಟ ಹಿಡಿದನು. ಹೊಟ್ಟೆ ಹುಟ್ಟಿದ ಮೇಲೆ ಈ ನುಂಗುವ ಕೋಶಗಳ ಗತಿಯೇನು? ಉಣ್ಣುವ ಕೆಲಸ ತಪ್ಪಿದ ಮೇಲೂ ಅವು ದೇಹದಲ್ಲಿ ಉಳಿದಿರುವುದೇಕೆ? ಮೆಸ್ಸೀನಾದ ಮುಳ್ಳು ಉತ್ತರ ಕೊಟ್ಟದ್ದು ಈ ಹಳೆಯ ಪ್ರಶ್ನೆಗೆ. ಊಟದ ಕೋಶವೇ ಕಾವಲಿನ ಕೋಶವಾಯಿತು. ‘ಭಕ್ಷಕಕೋಶ’ ಎಂಬರ್ಥದ ಗ್ರೀಕ್ ಹೆಸರನ್ನು ವಿಯೆನ್ನಾದ ಕ್ಲಾಸ್ ಎಂಬ ಪ್ರಾಣಿಶಾಸ್ತ್ರಜ್ಞನು ಸೂಚಿಸಿದ್ದು ೧೮೮೩ರಲ್ಲಿ. ಆ ಹೆಸರಿನಲ್ಲಿಯೇ ಊಟದ ನೆನಪು ಉಳಿದಿದೆ.

ಬಿಳಿಯ ರಕ್ತಕಣಗಳೊಳಗೆ ರೋಗಾಣುಗಳಿರುವುದನ್ನು ಮೆಚ್ನಿಕೋವನಿಗಿಂತ ಮುಂಚೆಯೇ ಕೆಲವು ವೈದ್ಯರು ನೋಡಿದ್ದರು. ಕಣಗಳು ರೋಗವನ್ನು ಹೊತ್ತು ಹರಡುತ್ತವೆಂದು ಅವರು ತಿಳಿದರು. ಕಂಡದ್ದು ಒಂದೇ, ಅರ್ಥ ತದ್ವಿರುದ್ಧ. ಪ್ರಾಣಿವಿಕಾಸದ ಪ್ರಶ್ನೆಯನ್ನು ಹೊತ್ತುಬಂದವನಿಗೆ ಮಾತ್ರ ಆ ದೃಶ್ಯ ಊಟವಾಗಿ ಕಂಡಿತು. ಗ್ರಂಥಕರ್ತರ ಈ ವಿವರಣೆ ಪೂರ್ಣವಾಗಿ ಒಪ್ಪತಕ್ಕದ್ದು.

ಒಪ್ಪಲಾಗದ ಒಂದಂಶವೂ ಈ ಗ್ರಂಥದಲ್ಲಿದೆ. ದೇಹವು ಸಿದ್ಧವಾಗಿ ದೊರೆತ ಏಕವಸ್ತುವಲ್ಲ, ಒಳಗಿನ ವೈಷಮ್ಯಗಳನ್ನು ಪಳಗಿಸಿ ಸದಾ ತನ್ನನ್ನು ಕಟ್ಟಿಕೊಳ್ಳುವಂಥದೆಂದು ಮೆಚ್ನಿಕೋವನು ಭಾವಿಸಿದ್ದನೆಂಬುದು ಅವರ ವಾದ. ಇಲ್ಲಿಯವರೆಗೆ ಸರಿ. ಆದರೆ ರೋಗನಿರೋಧಶಾಸ್ತ್ರದ ‘ತಾನು’ ಮತ್ತು ‘ಪರ’ ಎಂಬ ಸಮಸ್ಯೆಯ ಆದ್ಯಪ್ರವರ್ತಕನಾಗಿ ಅವನನ್ನು ನಿಲ್ಲಿಸುವ ಒಲವು ಗ್ರಂಥದ ಉದ್ದಕ್ಕೂ ಕಾಣುತ್ತದೆ. ಆ ಪರಿಭಾಷೆ ಆಸ್ಟ್ರೇಲಿಯದ ಬರ್ನೆಟ್ಟನ ಕೈಯಲ್ಲಿ, ೧೯೪೯ರ ಸುಮಾರಿಗೆ ರೂಪುಗೊಂಡದ್ದು. ಒಂದು ವಂಶಕಥೆಯನ್ನು ಒಡೆದ ಕೈಗಳೇ ಇನ್ನೊಂದನ್ನು ಕಟ್ಟುತ್ತಿವೆಯೇನೋ ಎಂಬ ಶಂಕೆ ಓದುಗನಿಗೆ ಬರುತ್ತದೆ. ತತ್ತ್ವಶಾಸ್ತ್ರದ ಭಾರವೂ ಸ್ವಲ್ಪ ಹೆಚ್ಚಾಯಿತು. ಪ್ರಾಣಿಶಾಸ್ತ್ರದ ವಿವರ ಸ್ವಚ್ಛವಾಗಿರುವ ಕಡೆ ಗ್ರಂಥ ಸಾರವತ್ತಾಗಿದೆ.

೩

ಎರಡನೆಯ ಗ್ರಂಥದ ವಿಷಯ ಹೆಚ್ಚು ಕಠಿನ. ಕಾದ ವಸ್ತು ಬೆಳಕನ್ನು ಬೀರುತ್ತದೆ. ಕಾವು ಏರಿದಂತೆ ಬಣ್ಣ ಬದಲಾಗುತ್ತದೆ. ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹೀರುವ ವಸ್ತುವಿಗೆ ಭೌತವಿಜ್ಞಾನಿಗಳು ಕೃಷ್ಣಕಾಯವೆಂದು ಹೆಸರಿಟ್ಟಿದ್ದಾರೆ. ಅದು ಬೀರುವ ಶಕ್ತಿಯು ಬೇರೆ ಬೇರೆ ಅಲೆಯುದ್ದಗಳಲ್ಲಿ ಹೇಗೆ ಹಂಚಿಕೆಯಾಗುತ್ತದೆಂಬುದು ಪ್ರಶ್ನೆ. ೧೮೯೬ರಲ್ಲಿ ವೀನ್ ಎಂಬವನು ಒಂದು ಸೂತ್ರ ಕೊಟ್ಟನು. ಬರ್ಲಿನ್ ಬಳಿಯ ಶಾರ್ಲೊಟ್ಟೆನ್‌ಬುರ್ಗಿನ ಸರ್ಕಾರಿ ಪ್ರಯೋಗಾಲಯದಲ್ಲಿ ೧೯೦೦ರ ಹೊತ್ತಿಗೆ ಮಾಡಿದ ಅಳತೆಗಳು ಉದ್ದ ಅಲೆಗಳಲ್ಲಿ ಆ ಸೂತ್ರ ತಪ್ಪುತ್ತದೆಂದು ತೋರಿಸಿದುವು. ಅಕ್ಟೋಬರ್ ೭ರ ಭಾನುವಾರ ರೂಬೆನ್ಸ್ ಎಂಬ ಪ್ರಯೋಗಕಾರನು ಮ್ಯಾಕ್ಸ್ ಪ್ಲಾಂಕನ ಮನೆಗೆ ಬಂದು ಈ ಸುದ್ದಿ ಹೇಳಿದನೆಂದೂ ಅಂದು ಸಂಜೆಯೇ ಪ್ಲಾಂಕನು ಹೊಸ ಸೂತ್ರವನ್ನು ಕಂಡುಕೊಂಡನೆಂದೂ ವೃತ್ತಾಂತವಿದೆ. ಈ ಭೇಟಿಯ ವಿವರವೂ ಬಹುಕಾಲದ ಮೇಲಣ ನೆನಪಿನಿಂದಲೇ ಬಂದದ್ದು. ಅಕ್ಟೋಬರ್ ೧೯ರಂದು ಸೂತ್ರವನ್ನೂ ಡಿಸೆಂಬರ್ ೧೪ರಂದು ಅದರ ಉಪಪತ್ತಿಯನ್ನೂ ಪ್ಲಾಂಕನು ಜರ್ಮನ್ ಭೌತಶಾಸ್ತ್ರ ಸಂಘದ ಮುಂದಿಟ್ಟನೆಂಬುದು ಸಮಕಾಲೀನ ದಾಖಲೆಯಿಂದ ತಿಳಿದ ವಿಷಯ. ಡಿಸೆಂಬರ್ ೧೪ನ್ನು ಶಕಲಸಿದ್ಧಾಂತದ ಜನ್ಮದಿನವೆಂದು ಕರೆಯುವುದು ವಾಡಿಕೆ.

ಪಠ್ಯಪುಸ್ತಕದ ಕಥೆಯಲ್ಲಿ ಇನ್ನೊಂದು ಅಂಶ ಸೇರಿಕೊಂಡಿದೆ. ಹಳೆಯ ಭೌತವಿಜ್ಞಾನದ ಪ್ರಕಾರ ಗಿಡ್ಡ ಅಲೆಗಳಲ್ಲಿ ಶಕ್ತಿ ಅನಂತವಾಗಬೇಕಾಗಿತ್ತು, ಈ ‘ಅತಿನೇರಳೆ ಅನಾಹುತ’ವನ್ನು ತಪ್ಪಿಸಲೆಂದೇ ಪ್ಲಾಂಕನು ಶಕಲಗಳನ್ನು ಕಲ್ಪಿಸಿದನು, ಎಂಬುದು ಅದು. ಇಸವಿಗಳನ್ನು ಜೋಡಿಸಿ ನೋಡಿದರೆ ಸಾಕು, ಈ ಕಥೆ ಕುಸಿಯುತ್ತದೆ. ಅನಾಹುತಕ್ಕೆ ಆ ಹೆಸರಿಟ್ಟವನು ಎರೆನ್‌ಫೆಸ್ಟ್; ಇಟ್ಟದ್ದು ೧೯೧೧ರಲ್ಲಿ. ರೇಲಿಯ ಲೇಖನ ೧೯೦೦ರದಾದರೂ ಜೀನ್ಸನು ಅದನ್ನು ತಿದ್ದಿ ಪೂರೈಸಿದ್ದು ೧೯೦೫ರಲ್ಲಿ. ೧೯೦೦ರಲ್ಲಿ ಪ್ಲಾಂಕನನ್ನು ಕಾಡುತ್ತಿದ್ದ ಪ್ರಶ್ನೆಯೇ ಬೇರೆ. ಉಷ್ಣಶಾಸ್ತ್ರದ ಎರಡನೆಯ ನಿಯಮವು ಅಪವಾದವಿಲ್ಲದ ಸತ್ಯವೆಂದು ಅವನು ನಂಬಿದ್ದನು. ವಿಕಿರಣದ ಅಧ್ಯಯನದಿಂದ ಅದಕ್ಕೆ ಬುನಾದಿ ಕಟ್ಟಲು ಹಲವು ವರ್ಷಗಳಿಂದ ಹೆಣಗುತ್ತಿದ್ದನು. ಆ ನಿಯಮವನ್ನು ಸಂಭವಗಣಿತದ ಮಾತಾಗಿ ಕಂಡ ಬೋಲ್ಟ್ಸ್‌ಮನ್ನನ ಮಾರ್ಗವನ್ನು ಅವನು ಬಹುಕಾಲ ಒಪ್ಪಿರಲಿಲ್ಲ. ಬೇರೆ ದಾರಿ ಕಾಣದೆ ೧೯೦೦ರ ಕೊನೆಯಲ್ಲಿ ಅದೇ ಮಾರ್ಗವನ್ನು ಹಿಡಿದನು.

ಕೂನ್ ಅವರ ಮುಖ್ಯ ಪ್ರತಿಪಾದನೆ ಇಲ್ಲಿಂದ ಮುಂದಕ್ಕೆ ಬರುತ್ತದೆ. ಬೋಲ್ಟ್ಸ್‌ಮನ್ನನು ೧೮೭೭ರಲ್ಲಿ ಎಣಿಕೆಯ ಅನುಕೂಲಕ್ಕಾಗಿ ಅವಿಚ್ಛಿನ್ನವಾದ ಶಕ್ತಿಯನ್ನು ತುಂಡುಗಳಾಗಿ ಭಾಗಿಸಿದ್ದನು. ರೈತನು ಹೊಲವನ್ನು ಅಳೆಯುವಾಗ ಗುಂಟೆಗಳಾಗಿ ಎಣಿಸುತ್ತಾನೆ. ಅದರಿಂದ ನೆಲವೇ ಗುಂಟೆಗುಂಟೆಯಾಗಿ ಒಡೆದಿದೆಯೆಂದು ಅರ್ಥವಲ್ಲ. ಪ್ಲಾಂಕನ ‘ಶಕ್ತಿಭಾಗ’ವೂ ಹೀಗೆಯೇ ಎಣಿಕೆಯ ಸಾಧನವಾಗಿತ್ತೆಂದು ಕೂನ್ ಅವರು ವಾದಿಸುತ್ತಾರೆ. ಡಿಸೆಂಬರ್ ಲೇಖನದಲ್ಲಿ ಒಟ್ಟು ಶಕ್ತಿಯನ್ನು ಭಾಗದಿಂದ ಭಾಗಿಸಿದಾಗ ಪೂರ್ಣಸಂಖ್ಯೆ ಬರದಿದ್ದರೆ ಹತ್ತಿರದ ಪೂರ್ಣಸಂಖ್ಯೆಯನ್ನು ತೆಗೆದುಕೊಳ್ಳಬೇಕೆಂದು ಪ್ಲಾಂಕನು ಹೇಳಿದ್ದಾನೆ. ಶಕ್ತಿಯು ನಿಜವಾಗಿಯೂ ಶಕಲಗಳಲ್ಲಿಯೇ ಇದೆಯೆಂದು ನಂಬಿದವನು ಹಾಗೆ ಹೇಳುವ ಪ್ರಮೇಯವೇ ಇರಲಿಲ್ಲ. ವಿಚ್ಛಿನ್ನತೆ ಅನಿವಾರ್ಯವೆಂದು ಮೊದಲು ಸ್ಪಷ್ಟವಾಗಿ ಕಂಡವರು ಐನ್‌ಸ್ಟೈನ್ ಮತ್ತು ಎರೆನ್‌ಫೆಸ್ಟ್. ಅದು ೧೯೦೬ರ ಹೊತ್ತಿಗೆ. ಪ್ಲಾಂಕನು ಒಪ್ಪಿದ್ದು ೧೯೦೮ರಿಂದ ಈಚೆಗೆ. ಅವನ ಲೇಖನಗಳಲ್ಲಿ ಪರಿಭಾಷೆಯೂ ಸುಮಾರಾಗಿ ಆಗಲೇ ಬದಲಾಗುತ್ತದೆ: ‘ಅನುನಾದಕ’ವೆಂದಿದ್ದುದು ‘ಆಂದೋಲಕ’ವಾಗುತ್ತದೆ, ‘ಶಕ್ತಿಭಾಗ’ವು ‘ಶಕಲ’ವಾಗುತ್ತದೆ. ಶಾಸನದ ಲಿಪಿಯಿಂದ ಕಾಲವನ್ನು ಗೊತ್ತುಮಾಡುವವರಿಗೆ ಈ ವಾದಕ್ರಮ ಬಹಳ ಆಪ್ಯಾಯಮಾನವಾಗಿದೆ.

ಈ ಗ್ರಂಥ ಬಂದಾಗ ವಿದ್ವಾಂಸರಲ್ಲಿ ಕೋಲಾಹಲವಾಯಿತು. ೧೯೬೨ರ ‘ವೈಜ್ಞಾನಿಕ ಕ್ರಾಂತಿಗಳ ರಚನೆ’ಯಿಂದ ಪ್ರಸಿದ್ಧರಾದ ಕೂನ್ ಅವರು, ತಾವೇ ಪ್ರಚುರಪಡಿಸಿದ ‘ಮಾದರಿ’, ‘ಕ್ರಾಂತಿ’ ಎಂಬ ಪರಿಭಾಷೆಯನ್ನು ಇಲ್ಲಿ ಬಹುಮಟ್ಟಿಗೆ ಕೈಬಿಟ್ಟಿದ್ದು ಅನೇಕರಿಗೆ ಅಚ್ಚರಿ ತಂದಿತು. ಪ್ಲಾಂಕನ ವಿಷಯದಲ್ಲಿ ಹಿಂದಿನಿಂದ ಪ್ರಮಾಣಪುರುಷರಾಗಿದ್ದ ಮಾರ್ಟಿನ್ ಕ್ಲೈನ್ ಅವರು ಈ ವಾದವನ್ನು ಒಪ್ಪಲಿಲ್ಲ. ಮುಂದೆ ಕೆಲವು ಚರಿತ್ರಕಾರರು ಮೂರನೆಯ ಮಾರ್ಗವೊಂದನ್ನು ಸೂಚಿಸಿದರು: ಒಂದೊಂದು ಅನುನಾದಕದ ಒಳಗೆ ಶಕ್ತಿ ಹೇಗೆ ವರ್ತಿಸುತ್ತದೆಂಬ ಪ್ರಶ್ನೆಯನ್ನೇ ೧೯೦೦ರ ಪ್ಲಾಂಕನು ಎತ್ತಿರಲಿಲ್ಲ, ಅವನಿಗೆ ಬೇಕಾಗಿದ್ದುದು ಮೊತ್ತದ ಎಂಟ್ರೊಪಿ ಮಾತ್ರ. ಪ್ರಕೃತ ಲೇಖಕನಿಗೆ ಈ ಮಾರ್ಗವೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಪ್ಲಾಂಕನು ಶಕಲವನ್ನು ಪ್ರತಿಪಾದಿಸಿದನೆಂಬುದಕ್ಕೆ ಆಧಾರ ಸಾಲದೆಂದು ಕೂನ್ ಅವರು ಸ್ಥಾಪಿಸಿದ್ದಾರೆ. ಆದರೆ ಅವನು ಅವಿಚ್ಛಿನ್ನತೆಯನ್ನೇ ಪ್ರತಿಪಾದಿಸಿದನೆಂಬುದು ಅದರಿಂದ ಸಿದ್ಧವಾಗುವುದಿಲ್ಲ. ದಾಖಲೆ ಮೌನವಾಗಿರುವಲ್ಲಿ ಚರಿತ್ರಕಾರನೂ ಮೌನವಾಗಿರುವುದು ಲೇಸು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಈ ಗ್ರಂಥದಲ್ಲಿ ಲೇಖನಗಳು ಲೇಖನಗಳೊಡನೆ ಮಾತನಾಡುತ್ತವೆ. ಕುಲುಮೆ, ಉಷ್ಣಮಾಪಕ, ಪ್ರಯೋಗಕಾರರ ಕೈಗಳು ಹಿನ್ನೆಲೆಯಲ್ಲಿ ಉಳಿಯುತ್ತವೆ. ಅಷ್ಟು ನಿಖರವಾದ ಅಳತೆ ಶಾರ್ಲೊಟ್ಟೆನ್‌ಬುರ್ಗಿನಲ್ಲಿ ನಡೆದುದೇಕೆ? ದೀಪೋದ್ಯಮಕ್ಕೆ ಬೆಳಕಿನ ನಂಬಲರ್ಹವಾದ ಮಾನ ಬೇಕಾಗಿತ್ತು. ಜರ್ಮನ್ ಸರ್ಕಾರವು ೧೮೮೭ರಲ್ಲಿ ಆ ಸಂಸ್ಥೆಯನ್ನು ಸ್ಥಾಪಿಸಿದುದು ಇಂಥ ಕೆಲಸಕ್ಕಾಗಿಯೇ. ಗ್ರಂಥದ ವ್ಯಾಪ್ತಿ ೧೯೧೨ಕ್ಕೆ ಮುಗಿಯುವುದರಿಂದ ನಮ್ಮ ದೇಶಕ್ಕೆ ಸಂಬಂಧಿಸಿದ ಮುಂದಿನ ಅಧ್ಯಾಯವೂ ಇದರಲ್ಲಿಲ್ಲ. ೧೯೨೪ರಲ್ಲಿ ಢಾಕಾ ವಿಶ್ವವಿದ್ಯಾನಿಲಯದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಅವರು ಪ್ಲಾಂಕನ ಸೂತ್ರಕ್ಕೆ ಹೊಸ ಉಪಪತ್ತಿಯನ್ನು ಬರೆದು ಐನ್‌ಸ್ಟೈನ್‌ನಿಗೆ ಕಳುಹಿಸಿದರು. ಅವನು ಅದನ್ನು ತಾನೇ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಮಾಡಿಸಿದನು. ಸೂತ್ರ ಸರಿಯಾಗಿದ್ದರೂ ಅದನ್ನು ತಲುಪುವ ದಾರಿಯಲ್ಲಿ ಹಳೆಯ ಮತ್ತು ಹೊಸ ಭೌತವಿಜ್ಞಾನಗಳು ಬೆರೆತುಹೋಗಿದ್ದುವೆಂಬುದೇ ಬೋಸ್ ಅವರ ಅತೃಪ್ತಿಗೆ ಕಾರಣ. ಇಪ್ಪತ್ತನಾಲ್ಕು ವರ್ಷಗಳ ಮೇಲೂ ಉಪಪತ್ತಿಯನ್ನು ಮತ್ತೆ ಕಟ್ಟಬೇಕಾಯಿತೆಂದರೆ ‘ಜನ್ಮದಿನ’ ಎಂಬ ಮಾತಿನ ಬೆಲೆ ಎಷ್ಟೆಂದು ವಾಚಕರೇ ಅಳೆಯಬಹುದು.

೪

ಪಾವ್ಲೋವನ ಗಂಟೆಯ ವಿಷಯದಲ್ಲಿ ಎರಡು ಮಾತು ಸಾಕು. ಅವನ ಪ್ರಯೋಗಾಲಯದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುವು ತಾಳಮಾಪಕ, ಗುಂಯ್‌ಗುಡುವ ವಿದ್ಯುದುಪಕರಣ, ಹಾರ್ಮೋನಿಯಂ, ದೀಪ ಮುಂತಾದುವು. ಕೈಗಂಟೆಯ ಚಿತ್ರ ಪಠ್ಯಪುಸ್ತಕಗಳ ಕೃಪೆ. ಅದಕ್ಕಿಂತ ಮುಖ್ಯವಾದುದು, ಪಾವ್ಲೋವನಿಗೆ ೧೯೦೪ರ ನೊಬೆಲ್ ಪಾರಿತೋಷಕ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಟೋಡೆಸ್ ಅವರ ಗ್ರಂಥದ ವಸ್ತುವೂ ಅದೇ.

ಆ ಸಂಶೋಧನೆಯ ಸ್ವರೂಪ ಹೀಗೆ. ನಾಯಿಯ ಅನ್ನನಾಳವನ್ನು ಕುತ್ತಿಗೆಯಲ್ಲಿ ಕತ್ತರಿಸಿ ತೆರೆದು, ತಿಂದ ಆಹಾರ ಹೊಟ್ಟೆಗೆ ಇಳಿಯದೆ ಹೊರಕ್ಕೆ ಬೀಳುವಂತೆ ಮಾಡುತ್ತಿದ್ದರು. ಆಹಾರ ಹೊಟ್ಟೆಯನ್ನು ಮುಟ್ಟದಿದ್ದರೂ ಜಠರರಸ ಧಾರಾಳವಾಗಿ ಸುರಿಯುತ್ತಿತ್ತು. ಪಾವ್ಲೋವನು ಶುಮೋವಾ–ಸಿಮನೋವ್ಸ್ಕಾಯಾ ಎಂಬ ವೈದ್ಯೆಯೊಡನೆ ೧೮೮೯ರಲ್ಲಿ ಇದನ್ನು ತೋರಿಸಿದನು. ಹಸಿವು ಮತ್ತು ರುಚಿಯೇ ಜೀರ್ಣರಸದ ಮೊದಲ ಪ್ರೇರಕ, ಅದರ ಆಜ್ಞೆ ನರಗಳ ಮೂಲಕ ಬರುತ್ತದೆ, ಎಂಬುದು ನಿರ್ಣಯ. ಮುಂದೆ ಹೊಟ್ಟೆಯ ಒಂದು ಮೂಲೆಯನ್ನು ನರಸಂಬಂಧ ಕಡಿಯದಂತೆ ಬೇರ್ಪಡಿಸಿ ಚೀಲವಾಗಿ ಹೊಲಿದು, ಆಹಾರ ಬೆರೆಯದ ಶುದ್ಧರಸವನ್ನು ಗಂಟೆಗಂಟೆಗೆ ಅಳೆಯುವ ವಿಧಾನವನ್ನು ಸಾಧಿಸಿದರು. ಈ ಶಸ್ತ್ರಕ್ರಿಯೆಯಲ್ಲಿ ಬದುಕುಳಿದು ಪ್ರಸಿದ್ಧವಾದ ನಾಯಿಯ ಹೆಸರು ದ್ರುಝೋಕ್. ರಷ್ಯನ್ ಭಾಷೆಯಲ್ಲಿ ‘ಪುಟ್ಟ ಗೆಳೆಯ’ ಎಂದರ್ಥ. ಮಾಂಸ, ರೊಟ್ಟಿ, ಹಾಲು ಇವುಗಳಿಗೆ ಒಂದೊಂದಕ್ಕೂ ರಸಸ್ರಾವದ ಒಂದೊಂದು ನಿಯತವಾದ ವಕ್ರರೇಖೆ ಇದೆಯೆಂದು ೧೮೯೭ರ ಉಪನ್ಯಾಸಗ್ರಂಥದಲ್ಲಿ ಪಾವ್ಲೋವನು ಸಾರಿದನು.

ಟೋಡೆಸ್ ಅವರು ಆ ಗ್ರಂಥವನ್ನಷ್ಟೇ ಓದಿ ಸುಮ್ಮನಾಗಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ಪ್ರಯೋಗಾಲಯದಲ್ಲಿ ೧೮೯೧ರಿಂದ ೧೯೦೪ರವರೆಗೆ ದುಡಿದ ಸುಮಾರು ನೂರು ಮಂದಿ ಸಹೋದ್ಯೋಗಿಗಳ ಮಹಾಪ್ರಬಂಧಗಳನ್ನು ತೆರೆದು ನೋಡಿದರು. ಇವರಲ್ಲಿ ಬಹುತೇಕರು ಡಾಕ್ಟರ್ ಪದವಿಯ ಆಸೆಯಿಂದ ಒಂದೆರಡು ವರ್ಷ ಬಂದುಹೋಗುತ್ತಿದ್ದ ವೈದ್ಯರು. ಶರೀರಕ್ರಿಯಾಶಾಸ್ತ್ರದ ತರಬೇತು ಇಲ್ಲದವರು. ವಿಷಯವನ್ನೂ ನಾಯಿಯನ್ನೂ ಪಾವ್ಲೋವನೇ ಗೊತ್ತುಮಾಡುತ್ತಿದ್ದನು. ಅಳೆಯುವುದು ಅವರ ಕೆಲಸ. ಅಳತೆಯ ಅರ್ಥವನ್ನು ನಿರ್ಣಯಿಸುವುದು ಅವನ ಅಧಿಕಾರ. ನಾಯಿಗಳ ಜಠರರಸವನ್ನು ಅಜೀರ್ಣದ ಔಷಧವಾಗಿ ಮಾರಿ ಪ್ರಯೋಗಾಲಯವು ಒಳ್ಳೆಯ ವರಮಾನವನ್ನೂ ಪಡೆಯುತ್ತಿತ್ತು. ಜೀರ್ಣಾಂಗವನ್ನು ರಾಸಾಯನಿಕ ಕಾರ್ಖಾನೆಗೆ ಹೋಲಿಸಿದವನು ಪಾವ್ಲೋವನೇ. ಪ್ರಯೋಗಾಲಯವೂ ಅಂಥದೇ ಒಂದು ಕಾರ್ಖಾನೆಯಾಗಿತ್ತೆಂಬುದು ಟೋಡೆಸ್ ಅವರ ಹೋಲಿಕೆ.

ಗ್ರಂಥದ ಜೀವಾಳ ದ್ರುಝೋಕನ ಅಂಕಿಗಳ ವಿಚಾರದಲ್ಲಿದೆ. ಅದೇ ನಾಯಿ, ಅದೇ ಆಹಾರ, ಅದೇ ಪ್ರಮಾಣ. ಆದರೂ ಒಂದು ದಿನದ ಅಳತೆ ಇನ್ನೊಂದು ದಿನದ ಅಳತೆಗೆ ಸರಿಹೊಂದುತ್ತಿರಲಿಲ್ಲ. ಹೊಂದಿಕೆಯುಳ್ಳ ಅಳತೆ ‘ಮಾದರಿ’ಯೆನಿಸಿ ಗ್ರಂಥಕ್ಕೆ ಸೇರುತ್ತಿತ್ತು. ಹೊಂದದ ಅಳತೆಗೆ ನಾಯಿಯ ಮನಸ್ಸು ಕಾರಣವೆಂದು ಹೇಳುತ್ತಿದ್ದರು: ಅಂದು ಅದಕ್ಕೆ ಹಸಿವು ಕಡಮೆಯಿತ್ತು, ಬೇಸರವಾಗಿತ್ತು, ಅದರ ಸ್ವಭಾವವೇ ಹಾಗೆ. ಹೀಗೆ ನಿಯತವಾದ ಯಂತ್ರವನ್ನು ಕಾಪಾಡಲು ಅನಿಯತವಾದ ಮನಸ್ಸೊಂದು ಬೇಕಾಯಿತು. ಟೋಡೆಸ್ ಅವರು ಇದನ್ನು ಮೋಸವೆಂದು ಕರೆಯುವುದಿಲ್ಲ. ಕರೆಯದಿರುವುದು ಅವರ ಪ್ರೌಢಿಮೆಗೆ ಸಾಕ್ಷಿ. ಜೀವಂತ ಪ್ರಾಣಿಯಲ್ಲಿ ನಿಯಮವನ್ನು ಹುಡುಕುವವನು ಯಾವುದು ನಿಯಮ, ಯಾವುದು ಅಡಚಣೆ ಎಂದು ತೀರ್ಮಾನಿಸಲ��ೇಬೇಕು. ಆ ತೀರ್ಮಾನ ಅಂಕಿಗಳಿಂದ ತಾನಾಗಿ ಬರುವುದಿಲ್ಲ. ಅಡಚಣೆಯ ಹೆಸರಾಗಿದ್ದ ಆ ‘ಮನಸ್ಸೇ’ ಹೊಸ ಶತಮಾನದ ಮೊದಲ ವರ್ಷಗಳಿಂದ ಪಾವ್ಲೋವನ ಮುಖ್ಯ ವಿಷಯವಾಯಿತು. ಷರತ್ತುಬದ್ಧ ಪ್ರತಿಕ್ರಿಯೆಯ ಶಾಸ್ತ್ರ ಹುಟ್ಟಿದ್ದು ಹಳೆಯ ಲೆಕ್ಕದ ಶೇಷದಿಂದ. ಗಂಟೆಯ ಕಥೆಗಿಂತ ಈ ನಿಜ ಎಷ್ಟೋ ಸ್ವಾರಸ್ಯವಾಗಿದೆ.

‘ಕಾರ್ಖಾನೆ’ ಎಂಬ ರೂಪಕವನ್ನು ಮಾತ್ರ ಗ್ರಂಥಕರ್ತರು ಅಗತ್ಯಕ್ಕಿಂತ ದೂರ ಎಳೆದಿದ್ದಾರೆ. ಅದನ್ನು ಓದಿದ ವಿದ್ಯಾರ್ಥಿಯು ಫಲಿತಾಂಶಗಳನ್ನು ಅಲ್ಲಿ ಬೇಕಾದಂತೆ ತಯಾರಿಸುತ್ತಿದ್ದರೆಂದು ತಪ್ಪಾಗಿ ತಿಳಿಯಬಹುದು. ೧೯೦೨ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬವರು, ನರಗಳ ನೆರವಿಲ್ಲದೆಯೂ ರಕ್ತದ ಮೂಲಕ ಹೋಗುವ ಸೀಕ್ರೆಟಿನ್ ಎಂಬ ವಸ್ತುವಿನಿಂದ ಮೇದೋಜೀರಕದ ರಸ ಸ್ರವಿಸುತ್ತದೆಂದು ತೋರಿಸಿದರು. ಎಲ್ಲವೂ ನರಗಳಿಂದಲೇ ಎಂಬ ಪಾವ್ಲೋವನ ಪಕ್ಷಕ್ಕೆ ಇದು ದೊಡ್ಡ ಪೆಟ್ಟು. ಅವನು ತನ್ನ ಪ್ರಯೋಗಾಲಯದಲ್ಲಿ ಆ ಪ್ರಯೋಗವನ್ನು ಮಾಡಿಸಿ ಕಣ್ಣಾರೆ ನೋಡಿ, ಮಾತಿಲ್ಲದೆ ತನ್ನ ಕೊಠಡಿಗೆ ಹೋಗಿ, ಅರ್ಧ ಗಂಟೆಯ ಮೇಲೆ ಹೊರಬಂದು, ಅವರು ಹೇಳಿದ್ದು ನಿಜವೆಂದು ಒಪ್ಪಿಕೊಂಡನೆಂದು ಶಿಷ್ಯನಾದ ಬಾಬ್ಕಿನ್ ದಾಖಲಿಸಿದ್ದಾನೆ. ಇದೂ ಶಿಷ್ಯನ ನೆನಪೆಂಬುದನ್ನು ಮರೆಯಬಾರದು. ಆದರೆ ಯಾರೇ ಒಪ್ಪಲಿ, ಬಿಡಲಿ, ಸೀಕ್ರೆಟಿನ್ ತನ್ನ ಕೆಲಸವನ್ನು ಮಾಡುತ್ತಲೇ ಇತ್ತು.

೫

ಮೂರು ಗ್ರಂಥಗಳನ್ನೂ ಒಟ್ಟಿಗೆ ಓದಿದಾಗ ಆವಿಷ್ಕಾರದ ಗಳಿಗೆ ಮೂರು ಬಗೆಯಲ್ಲಿ ಕರಗುವುದನ್ನು ಕಾಣುತ್ತೇವೆ. ಮೆಸ್ಸೀನಾದಲ್ಲಿ ಅದು ಹಿಂದಿನ ಇಪ್ಪತ್ತು ವರ್ಷಗಳಿಗೆ ಹರಡಿಕೊಳ್ಳುತ್ತದೆ. ಬರ್ಲಿನ್ನಿನಲ್ಲಿ ಮುಂದಿನ ವರ್ಷಗಳಿಗೆ ಹರಡಿಕೊಳ್ಳುತ್ತದೆ; ಕಂಡದ್ದೇನೆಂಬುದು ಕಂಡವನಿಗೇ ತಡವಾಗಿ ತಿಳಿಯಿತು. ಪೀಟರ್ಸ್‌ಬರ್ಗಿನಲ್ಲಿ ನೂರು ಜನರ ಕೈಗಳಿಗೆ ಹಂಚಿಹೋಗುತ್ತದೆ. ಚರಿತ್ರೆಯ ಕೃತಿಯಾಗಿ ಟೋಡೆಸ್ ಅವರದು ಉಳಿದೆರಡಕ್ಕಿಂತ ಮೇಲೆಂದು ನನ್ನ ಅಭಿಪ್ರಾಯ. ಸಾಕ್ಷ್ಯದ ವೈವಿಧ್ಯ ಅದರಲ್ಲಿ ಹೆಚ್ಚು. ತರ್ಕದ ಬಿಗಿಯಲ್ಲಿ ಕೂನ್ ಅವರಿಗೆ ಸಮಾನರಿಲ್ಲ. ಪ್ರಶ್ನೆಯ ಆಳದಲ್ಲಿ ಟೌಬರ್ ಮತ್ತು ಚೆರ್ನ್ಯಾಕ್ ಮುಂದಿದ್ದಾರೆ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಕಥೆಗಳನ್ನು ಹೀಗೆ ಒಡೆದರೆ ವಿಜ್ಞಾನದ ಮೇಲಣ ವಿಶ್ವಾಸವೇ ಸಡಿಲವಾಗುವುದಿಲ್ಲವೆ? ಸಡಿಲವಾಗಬೇಕಾದ ಕಾರಣವಿಲ್ಲ. ಆವಿಷ್ಕಾರದ ಕಥೆಯ ಸತ್ಯ ಬೇರೆ, ಆವಿಷ್ಕೃತ ವಸ್ತುವಿನ ಸತ್ಯ ಬೇರೆ. ಮೆಚ್ನಿಕೋವನು ಅಂದು ರಾತ್ರಿ ನಿದ್ರೆ ಮಾಡಿದ್ದರೂ ಭಕ್ಷಕಕೋಶಗಳು ನುಂಗುತ್ತಲೇ ಇರುತ್ತವೆ. ಅರ್ಧ ಶತಮಾನಕ್ಕೂ ಮಿಕ್ಕಿ ರಕ್ತದ್ರವದ ಪಕ್ಷದ ನೆರಳಿನಲ್ಲಿದ್ದ ಅವನ ಮಾರ್ಗಕ್ಕೆ ಇತ್ತೀಚೆಗೆ ಮತ್ತೆ ಮನ್ನಣೆ ಬಂದಿದೆ. ೨೦೧೧ರ ನೊಬೆಲ್ ಪಾರಿತೋಷಕದ ಅರ್ಧಭಾಗ ಜನ್ಮಜಾತ ರೋಗನಿರೋಧದ ಸಂಶೋಧನೆಗೇ ಸಂದಿತು. ಪ್ಲಾಂಕನ ಮನಸ್ಸಿನಲ್ಲಿ ಏನೇ ಇರಲಿ, ಅವನ ಸೂತ್ರ ಅಳತೆಗೆ ಹೊಂದುತ್ತದೆ. ಕಥೆಯನ್ನು ಕಿತ್ತರೆ ಬೀಳುವಷ್ಟು ದುರ್ಬಲವಾದ ವಿಜ್ಞಾನವನ್ನು ನಾವು ಯಾರೂ ಕಲಿಸುತ್ತಿಲ್ಲ.

ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ಗೆದ್ದವರ ಇಂದಿನ ಸ್ಥಾನದಿಂದ ಹಿಂದನ್ನು ಬರೆಯುವ ದೋಷವನ್ನು ಹರ್ಬರ್ಟ್ ಬಟರ್‌ಫೀಲ್ಡ್ ಅವರು ೧೯೩೧ರಲ್ಲಿಯೇ ರಾಜಕೀಯ ಚರಿತ್ರೆಯಲ್ಲಿ ತೋರಿಸಿಕೊಟ್ಟರು. ರಾಜರ ಚರಿತ್ರೆಯಲ್ಲಿ ಈ ಎಚ್ಚರವನ್ನು ನಾವು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ವಿಜ್ಞಾನಿಗಳ ಚರಿತ್ರೆ ಬಂದೊಡನೆ ಮರೆಯುತ್ತೇವೆ. ಪರಿಣಾಮವಾಗಿ ಸಂಶೋಧನೆಯೆಂದರೆ ಪ್ರತಿಭಾವಂತನಿಗೆ ಒಂದು ರಾತ್ರಿ ಸಿಗುವ ವರವೆಂದು ನಮ್ಮ ಹುಡುಗರು ನಂಬುತ್ತಾರೆ. ತಮ್ಮ ಪ್ರಯೋಗದ ಅಂಕಿಗಳು ಹೊಂದದಿದ್ದರೆ ತಮಗೆ ಆ ವರವಿಲ್ಲವೆಂದು ತಿಳಿದು ಕೈಚೆಲ್ಲುತ್ತಾರೆ, ಅಥವಾ ಅಂಕಿಗಳನ್ನು ತಿದ್ದುತ್ತಾರೆ. ದ್ರುಝೋಕನ ಅಂಕಿಗಳೂ ಹೊಂದುತ್ತಿರಲಿಲ್ಲವೆಂದೂ ಹೊಂದದ ಆ ಅಂಕಿಗಳಲ್ಲಿಯೇ ಮುಂದಿನ ಶಾಸ್ತ್ರದ ಬೀಜವಿತ್ತೆಂದೂ ಅವರಿಗೆ ಯಾರೂ ಹೇಳಿರುವುದಿಲ್ಲ.

ಮುಳ್ಳಿನ ಕಥೆಯನ್ನು ತರಗತಿಯಿಂದ ಹೊರಗಟ್ಟಬೇಕೆಂದು ಈ ಲೇಖಕನ ಸೂಚನೆಯಲ್ಲ. ಸಳನ ಕಥೆಯನ್ನು ಹೇಳದೆ ಹೊಯ್ಸಳರ ಪಾಠ ಮಾಡುವವರಾರು? ಹೇಳುವಾಗ ಇದನ್ನು ಹೇಳಿದವರು ಯಾರು, ಎಷ್ಟು ವರ್ಷಗಳ ಮೇಲೆ, ಆಗ ಅವರ ಮುಂದೆ ಯಾವ ಕದನವಿತ್ತು ಎಂಬ ಮೂರು ಮಾತುಗಳನ್ನು ಸೇರಿಸಿದರೆ ಸಾಕು. ಆ ವಿದ್ಯಾರ್ಥಿನಿಗೆ ಅಂದು ಕೊಡಬೇಕಾಗಿದ್ದ ಉತ್ತರವೂ ಅಷ್ಟೆ.